ನಾನು ಬೂದಿ ಬಳಿದ ಬೆಳಿಗ್ಗೆ

ಐರ್ಲೆಂಡಿಗೆ ಹೋಗಿ ಬಂದ ಮೇಲೆ ನಮ್ಮ ಕೇರಿಯವರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಚಳಿ ಹೇಗಿತ್ತು? ಊಟಕ್ಕೆ ಏನು ಮಾಡಿದಿರಿ? ಚಳಿ ಇತ್ತು, ಊಟಕ್ಕೆ ಮಗಳ ಮನೆಯಲ್ಲಿ ಕುಚ್ಚಲಕ್ಕಿ ಗಂಜಿಯೂ ಇತ್ತು. ಅಲ್ಲಿ ನೀವು ಏನು ಮಾಡಿದಿರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳಬೇಕಾಗುತ್ತಿತ್ತು: ಒಬ್ಬ ವಯಸ್ಸಾದ ಹೆಂಗಸು ಅರ್ಧ ಆಯುಷ್ಯ ಕಾಯ್ದುಕೊಂಡು ಬಂದ ಬೆಂಕಿಯನ್ನು ನಾನು ಹದಿನೈದು ನಿಮಿಷದಲ್ಲಿ ಆರಿಸಿಬಿಟ್ಟೆ. ಅದೂ ಒಳ್ಳೆಯವಳೆನಿಸಿಕೊಳ್ಳುವ ಆಸೆಯಿಂದ.

ಹೊರಡುವ ಮೊದಲು, ಕುಂದಾಪುರ

ಈ ಪ್ರಯಾಣ ನಿಜವಾಗಿ ಶುರುವಾದದ್ದು ನನ್ನ ಹದಿಮೂರನೆಯ ವಯಸ್ಸಿನಲ್ಲಿ. ಬಿಜೂರಿನಿಂದ ನನ್ನನ್ನು ತಂದು ಕುಂದಾಪುರದ ಚಿಕ್ಕಮ್ಮನ ಮನೆಯಲ್ಲಿಟ್ಟು ಕಾನ್ವೆಂಟಿಗೆ ಸೇರಿಸಿದ್ದರು. ಅಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದವರು ಐರ್ಲೆಂಡಿನ ಸಿಸ್ಟರ್ ನೋರಾ. ಎತ್ತರದ ಹೆಂಗಸು, ಕೆಂಪು ಮೂಗು. ಕಾನ್ವೆಂಟಿನ ಅಡುಗೆಯವಳ ಜೊತೆ ಮಾತಾಡಿ ಮಾತಾಡಿ ನಮಗಿಂತ ಚಂದದ ಕುಂದಾಪ್ರ ಕನ್ನಡ ಕಲಿತಿದ್ದರು.

ಒಂದು ದಿನ ಅವರು ಕೈಯಲ್ಲಿ ಕಾಗದ ಹಿಡಿದು ತರಗತಿಗೆ ಬಂದರು. ತಮ್ಮ ತಾಯಿ ತೀರಿಕೊಂಡರೆಂದು ಹೇಳಿದರು. ಆಗಿನ ನಿಯಮದಲ್ಲಿ ಸಿಸ್ಟರುಗಳು ಹಾಗೆಲ್ಲ ಊರಿಗೆ ಹೋಗುವಂತಿರಲಿಲ್ಲ. ತಂಗಿ ಬರೆದ ಕಾಗದದಿಂದ ಒಂದೇ ಒಂದು ವಾಕ್ಯ ಓದಿದರು: "ಅಮ್ಮ ಹೋದಳು, ಆದರೆ ಬೆಂಕಿ ಇನ್ನೂ ಇದೆ." ಆಮೇಲೆ ಕಾಗದ ಮಡಚಿ, ಹಲಗೆಯ ಮೇಲೆ ದೊಡ್ಡದಾಗಿ 'ಫೈರ್' ಎಂದು ಬರೆದು, ಒಬ್ಬೊಬ್ಬರೂ ಆ ಪದಕ್ಕೆ ಒಂದು ವಾಕ್ಯ ಹೇಳಿ ಎಂದರು.

ಅಳುವುದರ ಬದಲು ಪಾಠ ಮಾಡಿದರು ಎಂದು ಈಗ ಅನ್ನಿಸುತ್ತದೆ. ನಮಗೆ ಆಗ ಖುಷಿಯೋ ಖುಷಿ. ಪೊಲೀಸರ ಮಗಳು ಗುಂಡು ಹಾರಿಸುವ ಫೈರ್ ಹೇಳಿದಳು. ಹೆಂಚಿನ ಕಾರ್ಖಾನೆ ರೈಟರ ಮಗಳು ಹೆಂಚು ಸುಡುವುದಕ್ಕೂ ಅದೇ ಪದ ಎಂದಳು. ಹೋಟೆಲಿನವರ ಮಗಳು ಎದ್ದು ನಿಂತು, "ನಮ್ಮಪ್ಪಯ್ಯ ನಿನ್ನೆ ಅಡ್ಗಿ ಭಟ್ರನ್ ಫೈರ್ ಮಾಡ್ರ್ ಸಿಸ್ಟರ್" ಎಂದಳು. ಭಟ್ಟರಿಗೆ ಬೆಂಕಿ ಹಚ್ಚಿದರೆಂದು ತಿಳಿದು ಹಿಂದಿನ ಬೆಂಚಿನವಳೊಬ್ಬಳು ಅಳತೊಡಗಿದಳು. ನಾನು ಮೀನಿನ ವ್ಯಾಪಾರದ ಮನೆಯವಳು. ನಮ್ಮ ದೋಣಿಯ ಇಂಜಿನ್ ಫೈರ್ ಆಗುತ್ತಿಲ್ಲ ಎಂದೆ. ಸಿಸ್ಟರ್ ಎಲ್ಲವನ್ನೂ ಹಲಗೆಯ ಮೇಲೆ ಬರೆದು ಕೊನೆಗೆ ತಾವೂ ಒಂದು ಸೇರಿಸಿದರು: "ನಮ್ಮ ಮನೆಯಲ್ಲಿ ಫೈರ್ ಎಂದರೆ ಮನೆಯವರಲ್ಲಿ ಒಬ್ಬರು." ಅದು ನಮಗೆ ಅರ್ಥವಾಗಲಿಲ್ಲ. ಬರೆದುಕೊಂಡೆವು.

ಮುಂದೆ ಅವರು ವಯಸ್ಸಾದ ಮೇಲೆ ಮಠದ ಅಪ್ಪಣೆ ಪಡೆದು ಊರಿನ ಮನೆಗೇ ಮರಳಿದರು. ನಾನು ಮದುವೆಯಾಗಿ ಕುಂದಾಪುರದಲ್ಲೇ ಉಳಿದೆ. ಪ್ರತಿ ಕ್ರಿಸ್ಮಸ್ಸಿಗೆ ಒಂದು ಕಾಗದ ಅಲ್ಲಿಂದ, ಒಂದು ಇಲ್ಲಿಂದ. ಮಗಳು ಸುಮನಾ ನರ್ಸ್ ಆಗಿ ಗಾಲ್ವೇ ಪಟ್ಟಣದ ಆಸ್ಪತ್ರೆ ಸೇರಿದಾಗ ನಾನು ನಕಾಶೆ ತೆಗೆದು ಮೊದಲು ನೋಡಿದ್ದು ಸಿಸ್ಟರ್ ನೋರಾ ಊರು ಅಲ್ಲಿಂದ ಎಷ್ಟು ದೂರ ಎಂದು. ೨೦೦೪ರಲ್ಲಿ ಮಗಳು ಟಿಕೆಟ್ ಕಳಿಸಿದಳು. ಸಿಸ್ಟರ್ ಬರೆದರು: "ಬಾ. ಬರುವಾಗ ಹಲಸಿನ ಹಪ್ಪಳ ತಾ."

ಗಾಲ್ವೇ

ನಮ್ಮವರು ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು.

"ಹ್ವಾಯ್, ಅಲ್ ಮೀನ್ ಸಿಕ್ಕತ್ತಾ?"

"ಸಿಕ್ಕತ್ತ್. ಆರೆ ಮುಳ್ಳೂ ಇಲ್ಲೆ, ತಲಿಯೂ ಇಲ್ಲೆ."

"ತಲಿ ಇಲ್ದಿದ್ ಮೀನ್ ಎಂತ ಮೀನೇ! ಅದ್ ಬೆಣ್ಣಿಯಾ?"

ಗಾಲ್ವೇಯ ಬಂದರಿನಲ್ಲಿ ನಿಂತರೆ ನಮ್ಮೂರಿನದೇ ಉಪ್ಪು ಗಾಳಿ. ವಾಸನೆ ಮಾತ್ರ ಇಲ್ಲ. ಮೀನಿನ ಅಂಗಡಿಗಳನ್ನು ಆಸ್ಪತ್ರೆಯ ಹಾಗೆ ತೊಳೆದಿಡುತ್ತಾರೆ. ಜನ ರಸ್ತೆಯಲ್ಲಿ ಗುರುತಿಲ್ಲದವರಿಗೂ ತಲೆಯಾಡಿಸಿ "ಒಳ್ಳೆಯ ದಿನ" ಎನ್ನುತ್ತಾರೆ, ಆ ದಿನ ಎಂಥ ಜಡಿಮಳೆಯಾಗಿದ್ದರೂ.

ಹಲಗೆಯ ಮೇಲಿನ ಆ ಪದ ನನಗೆ ವಿಮಾನ ಇಳಿದಾಗಿನಿಂದ ಎಲ್ಲೆಲ್ಲೂ ಸಿಗುತ್ತಿತ್ತು. ಬಾಗಿಲ ಮೇಲೆ, ಮೆಟ್ಟಿಲ ಬಳಿ, ಅಂಗಳದಲ್ಲಿ ಎಲ್ಲರೂ ಬಂದು ನಿಲ್ಲಬೇಕಾದ ಜಾಗದ ಫಲಕದ ಮೇಲೆ. ಇಷ್ಟೊಂದು ಹೆದರುವ ಜನಕ್ಕೆ ಅದರ ಮೇಲೆ ಅಷ್ಟೇ ಪ್ರೀತಿ. ಮಗಳ ಪಕ್ಕದ ಮನೆಯಾಕೆ ಒಳಗೆ ಕರೆದು, "ತಡೆಯಿರಿ, ಫೈರ್ ಹಾಕುತ್ತೇನೆ" ಎಂದು ಗೋಡೆಯ ಗುಂಡಿ ಒತ್ತಿದಳು. ಗಾಜಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ಕಿನ ಕೊಳ್ಳಿ, ಅದರ ಹಿಂದೆ ಕೆಂಪು ಬಲ್ಬು, ಸುತ್ತುವ ನೆರಳಿನ ಜ್ವಾಲೆ! ಶಾಖ ಬರುವುದು ಕೆಳಗಿನ ಕಂಡಿಯಿಂದ. ಆದರೂ ಆಕೆ ಮಾತಾಡುತ್ತ ಆ ಸುಳ್ಳು ಕೊಳ್ಳಿಯ ಕಡೆಗೇ ಕೈ ಚಾಚುತ್ತಿದ್ದಳು. ನನಗೆ ಆಕೆಯ ಮೇಲೆ ಏನೋ ಅಕ್ಕರೆ ಬಂತು.

ಏಪ್ರಿಲ್ ಕೊನೆಯ ದಿನ ಸುಮನಾ ನನ್ನನ್ನು ಬಸ್ಸು ಹತ್ತಿಸಿದಳು.

"ಅಮ್ಮ, ಅಲ್ ಹೋಯಿ ನಿನ್ ಕೆಲ್ಸ ಶುರು ಮಾಡ್ಬೇಡ. ನೆಂಟ್ರ್ ಹಾಂಗೆ ಸುಮ್ನೆ ಕೂಕೋ."

"ಆಯ್ತ್ ಮಾರಾಯ್ತಿ, ಕೂಕಂತೆ."

ಬಸ್ಸು

ಆ ಬಸ್ಸಿನ ಚಾಲಕನಿಗೆ ಪ್ರತಿ ಪ್ರಯಾಣಿಕರ ಹೆಸರೂ ಗೊತ್ತಿತ್ತು. ಎದುರು ಬರುವ ಪ್ರತಿ ವಾಹನಕ್ಕೂ ಸ್ಟಿಯರಿಂಗ್ ಮೇಲಿನ ಒಂದೇ ಬೆರಳೆತ್ತಿ ನಮಸ್ಕಾರ ಮಾಡುತ್ತಿದ್ದ. ನಮ್ಮ ಕಡೆಯ ಎಕ್ಸ್‌ಪ್ರೆಸ್ ಬಸ್ಸುಗಳು ಎದುರಿನವನಿಗೆ ಕೊಡುವ ಮರ್ಯಾದೆಯನ್ನು ನೆನೆದು ನಕ್ಕೆ. ತಿರುವುಗಳು ಮಾತ್ರ ಕೊಲ್ಲೂರು ಘಾಟಿಯನ್ನು ಮೀರಿಸುವಂತಿದ್ದವು. ಹೊಟ್ಟೆ ತೊಳಸತೊಡಗಿತು. ಪಕ್ಕದ ಅಜ್ಜಿ ನನ್ನ ಮುಖ ನೋಡಿ ಕೂಗಿದ್ದೇ ತಡ, ಬಸ್ಸು ನಿಂತಿತು. ನಾನು ಕಲ್ಲಿನ ಗೋಡೆಗೆ ಕೈ ಕೊಟ್ಟು ನನ್ನ ಕೆಲಸ ಮುಗಿಸುವವರೆಗೂ ಹನ್ನೆರಡು ಜನ ತಾಳ್ಮೆಯಿಂದ ಕಿಟಕಿಯಲ್ಲಿ ಕುರಿಗಳನ್ನು ನೋಡುತ್ತ ಕೂತಿದ್ದರು. ಯಾರೂ ನನ್ನ ಕಡೆ ತಿರುಗಲಿಲ್ಲ. ಮರಳಿ ಹತ್ತಿದಾಗ ಅಜ್ಜಿ ಒಂದು ಪೆಪ್ಪರಮಿಂಟ್ ಕೈಗಿಟ್ಟಳು. ಆಮೇಲೆ ತನ್ನ ಐದು ಮಕ್ಕಳ ಕಥೆ ಹೇಳಿದಳು. ಇಂಥ ಸಭ್ಯತೆಯನ್ನು ಯಾವ ಶಾಲೆ ಕಲಿಸುತ್ತದೋ!

ಇಳಿದಾಗ ಸಂಜೆ. ದಾರಿ ಬದಿಯಲ್ಲಿ ಕೋಲೂರಿ ನಿಂತಿದ್ದರು ಸಿಸ್ಟರ್ ನೋರಾ. ಎಪ್ಪತ್ತನಾಲ್ಕು ವರ್ಷ, ಅದೇ ಕೆಂಪು ಮೂಗು.

"ಹ್ವಾಯ್ ಜಲಜಾ! ದಪ್ಪ ಆಯ್ದೆ ಅಲ್ದಾ ಹೆಣ್ಣೆ?"

ಅಟ್ಲಾಂಟಿಕ್ ಸಮುದ್ರದ ಅಂಚಿನಲ್ಲಿ, ಆ ಗಾಳಿಯಲ್ಲಿ, ನನ್ನ ಭಾಷೆ! ಕಾಲು ಮುಟ್ಟಲು ಬಗ್ಗಿದವಳು ಹಾಗೇ ಅತ್ತುಬಿಟ್ಟೆ.

ಕಲ್ಲಿನ ಮನೆ, ಮೊದಲ ಸಂಜೆ

ಮನೆಯಲ್ಲಿದ್ದವರು ಇಬ್ಬರೇ, ಸಿಸ್ಟರ್ ಮತ್ತು ಅವರ ಕಿರಿಯ ತಂಗಿ ಕ್ಯಾಥ್ಲೀನ್. ಕ್ಯಾಥ್ಲೀನ್ ಮದುವೆಯಾದವರಲ್ಲ. ಒಂದು ಹಸು, ಹತ್ತು ಕೋಳಿ, ತೋಟ. ಅಕ್ಕ ಮಾತಿನ ಮಲ್ಲಿಯಾದರೆ ತಂಗಿ ಮೂರು ಮಾತಿಗೆ ಒಂದು ಮಾತು. ಇನ್ನೊಬ್ಬ ಅಕ್ಕ ಬ್ರಿಡಿ, ನಡುವಿನವರು, ಗುಡ್ಡದ ಆಚೆ ಮದುವೆಯಾಗಿ ಹೋದವರು.

ಅಡುಗೆಮನೆಯ ಒಂದಿಡೀ ಗೋಡೆಯೇ ಒಲೆ. ಅಂದರೆ ನಮ್ಮ ಹಾಗೆ ಕಟ್ಟಿದ ಒಲೆಯಲ್ಲ. ನೆಲದ ಮಟ್ಟಕ್ಕೆ ಕಲ್ಲಿನ ಹಾಸು, ಅದರ ಮೇಲೇ ಬೆಂಕಿ, ಮೇಲೆ ಹೊಗೆಗೂಡು, ಪಕ್ಕದ ಮೊಳೆಯಲ್ಲಿ ನೇತು ಹಾಕಿದ ಎರಡು ಇಕ್ಕಳ. ಉರಿಸುವುದು ಸೌದೆಯಲ್ಲ, ಟರ್ಫ್. ಜೌಗು ನೆಲದ ಕಪ್ಪು ಮಣ್ಣನ್ನೇ ಇಟ್ಟಿಗೆಯ ಹಾಗೆ ಕಡಿದು ಬಿಸಿಲಲ್ಲಿ ಒಣಗಿಸಿದ್ದು. ಮಣ್ಣು ಉರಿಯುವುದನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡ ಜ್ವಾಲೆಯಿಲ್ಲ, ಸದ್ದಿಲ್ಲ, ಒಳಗೊಳಗೇ ಕೆಂಪು. ವಾಸನೆ ತೆಂಗಿನ ಸಿಪ್ಪೆ ಹೊಗೆಯಾಡಿದಂತೆ. ಬಿಜೂರಿನ ಅಜ್ಜಿಯ ಬಚ್ಚಲು ಮನೆಗೇ ಬಂದೆನೇನೋ ಎನಿಸಿತು.

"ಹಪ್ಪಳ ನಾಳಿಗೆ ಸುಡುವ" ಎಂದರು ಸಿಸ್ಟರ್. ಬಸ್ಸಿನಲ್ಲಿ ಸೋತಿದ್ದ ನಾನು ಆಲೂಗಡ್ಡೆ, ಹಾಲು ತೆಗೆದುಕೊಂಡು ಕತ್ತಲಾಗುವ ಮೊದಲೇ ಮಲಗಿದೆ. ಅವರು ಮಲಗುವ ಮುನ್ನ ಏನೇನು ಮಾಡುತ್ತಾರೋ ನಾನು ನೋಡಲಿಲ್ಲ. ನೋಡಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಮೇ ಒಂದು, ಬೆಳಿಗ್ಗೆ

ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆ ಏಳುವ ಮೊದಲು ಎದ್ದು ಒಲೆಯ ಬೂದಿ ಬಳಿಯದಿದ್ದ ದಿನ ನನಗೆ ನೆನಪಿಲ್ಲ. ಗ್ಯಾಸ್ ಬಂದು ಎಷ್ಟೋ ವರ್ಷವಾದರೂ ಬಚ್ಚಲ ಒಲೆಯ ಬೂದಿ ಇಂದಿಗೂ ನನ್ನ ಮೊದಲ ಕೆಲಸ. ಹಿಂದಿನ ದಿನದ ಬೂದಿ ಒಲೆಯಲ್ಲಿ ಇದ್ದಂತೆಯೇ ಸೂರ್ಯ ಮೇಲೆ ಬಂದರೆ ಮನೆಗೆ ಒಳ್ಳೆಯದಲ್ಲ ಎನ್ನುತ್ತಿದ್ದರು ಅತ್ತೆ.

ಐದು ಗಂಟೆಗೆ ಎಚ್ಚರವಾಯಿತು. ಸಿಸ್ಟರ್ ಇನ್ನೂ ಮಲಗಿದ್ದರು. ಕ್ಯಾಥ್ಲೀನ್ ಹಸುವಿನ ಹತ್ತಿರ ಹೋಗಿದ್ದರು, ಕೊಟ್ಟಿಗೆಯಿಂದ ಬಕೆಟ್ಟಿನ ಸದ್ದು ಬರುತ್ತಿತ್ತು. ಅಡುಗೆಮನೆಯಲ್ಲಿ ಬೆಂಕಿ ಇದ್ದ ಜಾಗದಲ್ಲಿ ನುಣ್ಣನೆಯ ಬೂದಿಯ ಗುಡ್ಡೆ, ಯಾರೋ ಕೈಯಲ್ಲಿ ತಟ್ಟಿದ ಹಾಗೆ. ಆಹಾ, ನನಗೊಂದು ಕೆಲಸ ಸಿಕ್ಕಿತು! ಮೂಲೆಯ ತಗಡಿನ ಬಕೆಟ್ ತಂದೆ. ಧೂಳು ಏಳಬಾರದೆಂದು ನಮ್ಮ ಪದ್ಧತಿಯಂತೆ ಬೂದಿಯ ಮೇಲೆ ಎರಡು ಚೆಂಬು ನೀರು ಹೊಯ್ದೆ. ಚುರ್ ಎಂದಿತು. ಬಿಸಿ ಉಳಿದಿದೆ ಅಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ. ಬಳಿದು ಬಕೆಟ್ಟಿಗೆ ತುಂಬಿ, ಹೊರಗೆ ಜಿನುಗುವ ಮಳೆಯಲ್ಲಿ ಹೈಡ್ರೇಂಜಿಯಾ ಗಿಡದ ಬುಡಕ್ಕೆ ಸುರಿದೆ. ಕಲ್ಲಿನ ಹಾಸನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಹೊಳೆಯುವಂತೆ ಮಾಡಿದೆ. ಇಕ್ಕಳಗಳನ್ನೂ ಬಿಡಲಿಲ್ಲ. ಒಂದರ ಹಿಡಿ ನೆಟ್ಟಗಿತ್ತು, ಇನ್ನೊಂದರದು ಹಗ್ಗದ ಹಾಗೆ ತಿರುಚಿತ್ತು. ಎರಡನ್ನೂ ಬಕೆಟ್ಟಿನ ತಳದಲ್ಲುಳಿದ ಬೂದಿಯಲ್ಲೇ ತಿಕ್ಕಿ ತೂಗು ಹಾಕಿದೆ. ಕೊನೆಗೆ ತಡೆಯಲಾರದೆ, ಡಬ್ಬಿಯ ಹಿಟ್ಟಿನಲ್ಲಿ ಹಾಸಿನ ಮುಂದೆ ನಾಲ್ಕು ಎಳೆಯ ರಂಗೋಲಿ.

ಕೋಲಿನ ಸದ್ದು ಕೇಳಿಸಿತು. ಸಿಸ್ಟರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹೊಗಳುತ್ತಾರೆಂದು ನಾನು ಸೆರಗು ಸರಿಮಾಡಿಕೊಂಡೆ.

"ಜಲಜಾ," ಎಂದರು ಮೆಲ್ಲಗೆ. "ಬೂದಿ ಎಲ್ ಹಾಕ್ದೆ?"

"ಗಿಡದ ಬುಡಕ್ಕ್ ಸಿಸ್ಟರ್."

"ನೀರ್ ಹೊಯ್ದ್ಯಾ?"

"ಹೌದ್."

ಅವರು ಕುರ್ಚಿ ಹಿಡಿದು ಕುಳಿತರು. "ಕಿಚ್ಚ್ ಅದ್ರ ಒಳಗಿತ್ತ್ ಹೆಣ್ಣೆ."

ಆಗ ವಿವರಿಸಿದರು. ಮಲಗುವ ಮುನ್ನ ಕ್ಯಾಥ್ಲೀನ್ ಕೆಂಡಗಳನ್ನು ಒಟ್ಟು ಮಾಡಿ, ಪ್ರಾರ್ಥನೆ ಹೇಳಿ, ಬೂದಿ ಮುಚ್ಚುತ್ತಾರೆ. ಬೆಳಿಗ್ಗೆ ಹಾಲು ಕರೆದು ಬಂದು ಬೂದಿ ಸರಿಸಿ, ಅದೇ ಕೆಂಡಕ್ಕೆ ಹೊಸ ಟರ್ಫ್ ಇಡುತ್ತಾರೆ. ಅವರ ತಾಯಿ ಮದುವೆಯಾಗಿ ಬಂದಾಗ ತವರಿನಿಂದ ತಂದ ಬೆಂಕಿ ಅದು. ನೋರಾ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಇಂಡಿಯಾಕ್ಕೆ ಹೊರಟಾಗ ತಾಯಿ ಹೇಳಿದ್ದರಂತೆ: ನೀನು ಬರುವವರೆಗೆ ಇದನ್ನು ಆರಲು ಬಿಡುವುದಿಲ್ಲ. ತಾಯಿ ತೀರಿಕೊಂಡ ಮೇಲೆ ಆ ಮಾತನ್ನು ಕ್ಯಾಥ್ಲೀನ್ ಹೊತ್ತರು, ಅಕ್ಕ ಮರಳಿದ ಮೇಲೂ ಇಳಿಸಲಿಲ್ಲ. ಮೂವತ್ತಾರು ವರ್ಷ. ಅಷ್ಟು ವರ್ಷಗಳಲ್ಲಿ ಅವರು ಒಂದೇ ಒಂದು ರಾತ್ರಿಯೂ ಬೇರೆ ಮನೆಯಲ್ಲಿ ಮಲಗಿಲ್ಲ. ನೆಂಟರಿಷ್ಟರ ಮದುವೆಗಳಿಗೂ ಹೋಗಿ ಸಂಜೆಯೊಳಗೆ ಮರಳಿದ್ದಾರೆ. ಗಾಲ್ವೇ ಪಟ್ಟಣವನ್ನು ಹಗಲಿನಲ್ಲಿ ಮಾತ್ರ ನೋಡಿದ್ದಾರೆ.

ಅತ್ತ ಬಿಜೂರಿನಲ್ಲಿ ನನ್ನ ಅಜ್ಜಿಯೂ ಮಾಡುತ್ತಿದ್ದುದು ಇದನ್ನೇ ಅಲ್ಲವೇ? ತೆಂಗಿನ ಕೊತ್ತಳಿಗೆಯ ಕೆಂಡಕ್ಕೆ ಬೂದಿ ಮುಚ್ಚುವುದನ್ನು ನಾನೇ ನೋಡಿ ಬೆಳೆದವಳು. ಮೂವತ್ತು ವರ್ಷದ ಲೈಟರು, ಬೆಂಕಿಪೆಟ್ಟಿಗೆ ನನ್ನ ಕೈಗೆ ಅದನ್ನು ಮರೆಸಿಬಿಟ್ಟಿದ್ದವು.

ಕ್ಯಾಥ್ಲೀನ್ ಹಾಲಿನ ಬಕೆಟ್ ಹಿಡಿದು ಒಳಗೆ ಬಂದರು. ಹಾಸನ್ನು ನೋಡಿದರು, ರಂಗೋಲಿ ನೋಡಿದರು, ನನ್ನನ್ನು ನೋಡಿದರು. ನಾನು ಇಂಗ್ಲಿಷಿನಲ್ಲಿ ಏನೋ ಹೇಳಹೋದೆ. ಕಾನ್ವೆಂಟಿನ ಇಂಗ್ಲಿಷ್ ಪೂರ್ತಿ ಕೈಕೊಟ್ಟಿತು.

"ಎಷ್ಟು ಸ್ವಚ್ಛ ಮಾಡಿದ್ದೀರಿ," ಎಂದರು ಅವರು. ಬೈಯಲಿಲ್ಲ. ಬಕೆಟ್ ಕೆಳಗಿಟ್ಟರು. ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲಿನ ಸದ್ದಿಗಿಂತ ನಮ್ಮತ್ತೆಯ ಬೈಗುಳ ಎಷ್ಟೋ ಮೇಲು.

ಗುಡ್ಡದ ಆಚೆ

ಬಿಜೂರಿನಲ್ಲಿ ಒಲೆ ಆರಿದ ದಿನ ಅಜ್ಜಿ ನನ್ನ ಕೈಗೆ ತೆಂಗಿನ ಗೆರಟೆ ಕೊಟ್ಟು, "ಓಡ್, ಅಕ್ಕುವಿನ ಮನಿಂದ ಕೆಂಡ ತಕಂಡ್ ಬಾ" ಎನ್ನುತ್ತಿದ್ದಳು. ನೆರೆಮನೆಯ ಅಕ್ಕುವಿನ ಒಲೆ ಆರಿದರೆ ಅವಳ ಮಗಳು ನಮ್ಮಲ್ಲಿಗೆ. ಅದು ನೆನಪಾದದ್ದೇ ಸಿಸ್ಟರನ್ನು ಕೇಳಿದೆ:

"ಸಿಸ್ಟರ್, ಈ ಮನಿಂದ ಯಾರಾರೂ ಕಿಚ್ಚ್ ತಕಂಡ್ ಹೋಯಿದ್ರಾ?"

ಅವರು ನನ್ನನ್ನೇ ನೋಡಿದರು. ಹಲಗೆಯ ಮುಂದೆ ಸರಿಯುತ್ತರ ಕೊಟ್ಟಾಗ ನೋಡುತ್ತಿದ್ದ ಹಾಗೆ. "ಬ್ರಿಡಿ! ಬ್ರಿಡಿ ಮದಿ ಆಪತಿಗೆ ಅಮ್ಮ ಎರಡ್ ಕೆಂಡ ಕೊಟ್ ಕಳ್ಸಿತ್ತ್. ಓಡ್ ಹೆಣ್ಣೆ." ತಕ್ಷಣ ಮುಖ ಸಣ್ಣದಾಯಿತು. "ಆರೆ ಇವತ್ ಮೇ ಒಂದ್. ಇವತ್ ಯಾರೂ ಕಿಚ್ಚ್ ಕೊಡುದಿಲ್ಲೆ. ಕೊಟ್ರೆ ಮನಿ ಭಾಗ್ಯ ಹೋತ್ ಅಂಬ್ರ್."

ನಾನು ನಿಲ್ಲಲಿಲ್ಲ. ತಗಡಿನ ಬಕೆಟ್, ಮೂಲೆಯ ಕೊಡೆ ಹಿಡಿದು, ಸೀರೆಯ ಮೇಲೆ ಕ್ಯಾಥ್ಲೀನರ ರಬ್ಬರ್ ಬೂಟು ಹಾಕಿಕೊಂಡು ಗುಡ್ಡ ಹತ್ತಿದೆ. ಬೂಟು ನನ್ನ ಕಾಲಿಗಿಂತ ಎರಡು ಬೆರಳು ದೊಡ್ಡದು. ಕುರಿಗಳು ಮೇಯುವುದನ್ನು ಬಿಟ್ಟು ನನ್ನನ್ನು ನೋಡಿದವು. ಗುಡ್ಡದ ತುದಿಯಲ್ಲಿ ಜೌಗಿನಲ್ಲಿ ಒಂದು ಬೂಟು ಹೂತುಕೊಂಡಿತು. ಅದನ್ನು ಕೀಳಲು ಹೋಗಿ ನಾನೇ ಕುಳಿತುಬಿಟ್ಟೆ. ಆದರೂ ಹೇಳುತ್ತೇನೆ, ಅಲ್ಲಿಂದ ಕಂಡ ಕಡಲು, ಅದರ ಮೇಲೆ ಸರಿಯುವ ಮಳೆಯ ಪರದೆ, ಕೆಳಗೆ ಹೊಗೆಯಾಡುವ ಒಂದೇ ಒಂದು ಚಿಮಣಿ, ಇವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಬ್ರಿಡಿ ದುಂಡಗಿನ ಹೆಂಗಸು, ಎಪ್ಪತ್ತು ದಾಟಿದವರು. ಕೆಸರು ಮೆತ್ತಿದ ಸೀರೆಯ ಹೆಂಗಸೊಬ್ಬಳು ಖಾಲಿ ಬಕೆಟ್ ಹಿಡಿದು ಬಾಗಿಲಿಗೆ ಬಂದರೂ ಅವರು ಕೇಳಿದ್ದು ಒಂದೇ: "ಚಹಾ ಕುಡಿಯುತ್ತೀರಾ?" ನಾನು ಎಲ್ಲವನ್ನೂ ಹೇಳಿದೆ. ಎರಡು ಚೆಂಬು ನೀರಿನ ಮಾತು ಬಂದಾಗ ಬಾಯಿಗೆ ಕೈ ಇಟ್ಟುಕೊಂಡರು. ರಂಗೋಲಿಯ ಮಾತಿಗೆ ಮಾತ್ರ ನಗು ತಡೆಯಲಾಗಲಿಲ್ಲ.

"ಆದರೆ ಇವತ್ತು ನಾನು ಹೇಗೆ ಕೊಡಲಿ ಹೇಳಿ? ನಾಳೆ ಬನ್ನಿ, ಎಷ್ಟು ಬೇಕಾದರೂ ಕೊಡುತ್ತೇನೆ."

ನಾಳೆಯೆಂದರೆ ಕ್ಯಾಥ್ಲೀನ್ ಒಂದಿಡೀ ದಿನ ಆ ತಣ್ಣಗಿನ ಹಾಸಿನ ಮುಂದೆ ಇರಬೇಕು. ನನಗೆ ಕುಂದಾಪುರದ ನೆನಪಾಯಿತು. "ನಮ್ಮಲ್ಲೂ ದೀಪ ಹಚ್ಚಿದ ಮೇಲೆ ಬೆಂಕಿ, ಉಪ್ಪು ಯಾರಿಗೂ ಕೊಡುವುದಿಲ್ಲ," ಎಂದೆ. "ಹಗಲಿನಲ್ಲೂ ಉಪ್ಪನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಡುವವರು ಕೆಳಗಿಡುತ್ತಾರೆ. ಬೇಕಾದವರು ಎತ್ತಿಕೊಳ್ಳುತ್ತಾರೆ. ಆಗ ಕೊಟ್ಟ ಹಾಗೂ ಅಲ್ಲ, ಇಸಕೊಂಡ ಹಾಗೂ ಅಲ್ಲ."

ಬ್ರಿಡಿ ಬಹಳ ಹೊತ್ತು ಯೋಚಿಸಿದರು, ನ್ಯಾಯಾಧೀಶರ ಹಾಗೆ. "ಕೆಳಗಿಟ್ಟರೆ," ಎಂದರು ಕೊನೆಗೆ, "ನಾನು ಒಲೆ ಸರಿಮಾಡುವಾಗ ಕೆಂಡ ಜಾರಿ ಬಿತ್ತು ಎಂದಷ್ಟೇ ಆಯಿತು."

ಒಲೆಯಿಂದ ಎರಡು ಕೆಂಪಗಿನ ಟರ್ಫನ್ನು ಸಲಿಕೆಯಲ್ಲಿ ತೆಗೆದು ಹೊಸ್ತಿಲಾಚೆ ಕಲ್ಲಿನ ಮೇಲಿಟ್ಟರು. ಬೆನ್ನು ತಿರುಗಿಸಿ ನಿಂತು, ಹೊರಗೆ ಕೋಳಿಗಳು ಹೇಗಿವೆ ಎಂದು ಗೋಡೆಯನ್ನು ಕೇಳಿದರು. ನಾನು ಅದೇ ಸಲಿಕೆಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಿಕೊಂಡೆ.

"ಇಕ್ಕಳ ಇದ್ದಿದ್ದರೆ ಸುಲಭವಾಗುತ್ತಿತ್ತು," ಎಂದರು ಬ್ರಿಡಿ ತಿರುಗಿ. "ನನ್ನ ಇಕ್ಕಳವನ್ನು ಕ್ಯಾಥ್ಲೀನ್ ಒಯ್ದು ಮೂವತ್ತಾರು ವರ್ಷವಾಯಿತು. ಹಿಡಿ ತಿರುಚಿದ್ದು. ಅದನ್ನು ವಾಪಸು ಕೊಡಲು ಹೇಳಿ."

ನನ್ನ ಮುಖ ನೋಡಿ ಅವರು ದನಿ ತಗ್ಗಿಸಿದರು. ತಾಯಿಯ ಮಣ್ಣು ಮುಗಿಸಿ ಬಂದ ದಿನ ಮನೆ ತುಂಬ ಜನ. ಬೂದಿ ಮುಚ್ಚುವುದು ಯಾರಿಗೂ ನೆನಪಾಗಲಿಲ್ಲ. ಬೆಳಗಿನ ಜಾವ ಕ್ಯಾಥ್ಲೀನ್ ಇದೇ ಹೊಸ್ತಿಲಿಗೆ ಓಡಿ ಬಂದಿದ್ದರಂತೆ, ನನ್ನ ಹಾಗೆಯೇ, ಖಾಲಿ ಬಕೆಟ್ ಹಿಡಿದು. ಕೆಂಡದ ಜೊತೆ ಒಯ್ದದ್ದೇ ಆ ಇಕ್ಕಳ. ನೋರಾಗೆ ಎಂದೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದರಂತೆ.

ಅಂದರೆ ನಮ್ಮ ತರಗತಿಯಲ್ಲಿ ಸಿಸ್ಟರ್ ಓದಿದ ಆ ವಾಕ್ಯವನ್ನು ಕ್ಯಾಥ್ಲೀನ್ ಬರೆದದ್ದು ಇದಾದ ಮೇಲೆ. ಅದಕ್ಕೇ ಇರಬೇಕು ಆಮೇಲೆ ಒಂದು ರಾತ್ರಿಯೂ ಮನೆ ಬಿಡದ ಕಾವಲು.

ಮರಳಿ ಕಲ್ಲಿನ ಮನೆ

ದಾರಿಯುದ್ದಕ್ಕೂ ಕೊಡೆಯನ್ನು ನನಗಲ್ಲ, ಬಕೆಟ್ಟಿಗೆ ಹಿಡಿದೆ. ಹೇಳಬೇಕೋ ಬೇಡವೋ ಎಂಬುದೊಂದೇ ತಲೆಯಲ್ಲಿ. ಸುಳ್ಳು ಹೇಳಬಾರದೆಂದು ನೂರು ಸಲ ನನ್ನಿಂದ ಬರೆಸಿದವರೇ ಆ ಸಿಸ್ಟರ್.

ಅಡುಗೆಮನೆಗೆ ಕಾಲಿಟ್ಟಾಗ ಕ್ಯಾಥ್ಲೀನ್ ಹಾಸಿನ ಎದುರು ಕುಳಿತಿದ್ದರು. ರಂಗೋಲಿಯನ್ನು ತುಳಿಯದೆ ಪಕ್ಕಕ್ಕೆ ಸರಿದು ಕುಳಿತಿದ್ದರು. ಆ ಸಂಕಟದಲ್ಲೂ! ಬಕೆಟ್ಟಿನೊಳಗಿನ ಕೆಂಪು ಕಂಡದ್ದೇ ಮಂಡಿಯೂರಿ, ಇಕ್ಕಳದಲ್ಲಿ ಎತ್ತಿಟ್ಟು, ಸುತ್ತ ಹೊಸ ಟರ್ಫ್ ನಿಲ್ಲಿಸಿ ಊದಿದರು. ಹೊಗೆ ಬಂತು. ಆಮೇಲೆ ಮೆಲ್ಲಗೆ ಬೆಳಕು.

"ಬ್ರಿಡಿ ಏನಾದರೂ ಹೇಳಿದಳೇ?" ಎಂದು ಕೇಳಿದರು, ನನ್ನ ಕಡೆ ನೋಡದೆ.

"ತಮ್ಮ ಇಕ್ಕಳವನ್ನು ವಾಪಸು ಕೊಡಬೇಕಂತೆ," ಎಂದೆ. ಅದು ಸುಳ್ಳಲ್ಲ.

ಕ್ಯಾಥ್ಲೀನರ ಕಿವಿ ಕೆಂಪಗಾಯಿತು. ಅವರ ಕೈಯಲ್ಲಿದ್ದದ್ದು ಅದೇ, ಹಿಡಿ ತಿರುಚಿದ್ದು. ಸಿಸ್ಟರ್ ಆ ಇಕ್ಕಳವನ್ನು ನೋಡಿದರು. ಆಮೇಲೆ ತಂಗಿಗೆ ತಿಳಿಯದ ಹಾಗೆ ನನ್ನ ಭಾಷೆಯಲ್ಲಿ, ಬೆಂಕಿಯನ್ನು ನೋಡುತ್ತಲೇ ಹೇಳಿದರು:

"ನಂಗೆ ಗೊತ್ತಿತ್ತ್ ಜಲಜಾ. ಅವತ್ ಎರಡ್ ಕಾಗ್ದ ಬಂದಿತ್ತ್. ಒಂದ್ ಈ ತಂಗಿದ್, ನಿಮ್ಗೆ ಓದಿದ್ದ್. ಇನ್ನೊಂದ್ ಬ್ರಿಡಿದ್. ಬ್ರಿಡಿ ಹೊಟ್ಟಿಯಲ್ ಮಾತ್ ನಿಂತಿದ್ದ್ ಯಾವಾಗ? ಅದ್ ನನ್ ಕಿಸೆಯಲ್ಲಿತ್ತ್."

ಬೆಂಕಿ ಆರಿದ್ದು ಗೊತ್ತಿದ್ದೂ, ಅದನ್ನು ತಂಗಿ ಮರಳಿ ತಂದದ್ದು ಗೊತ್ತಿದ್ದೂ ಅವರು ನಮ್ಮೆದುರು ಆ ವಾಕ್ಯ ಓದಿದ್ದರು.

"ಅವ್ರಿಗೆ ಎಂತಕೆ ಹೇಳ್ಲಿಲ್ಲೆ?"

"ನಾಚ್ಕಿ ಆತ್ ಅಂದ್ಕಂಡ್ ಸುಮ್ನಿದ್ದೆ. ಕಡಿಗೆ ಹೇಳುಕೆ ತಡ ಆಯ್ತ್."

"ನಂಗೆ ಹೇಳ್ರೆ ಎಂತ ಬಂತ್ ಸಿಸ್ಟರ್? ಅವ್ರಿಗೆ ಹೇಳಿ. ಈಗ್ಲೇ ಹೇಳಿ." ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಜೀವಮಾನದಲ್ಲಿ ಟೀಚರೊಬ್ಬರಿಗೆ ನಾನು ಹಾಗೆ ಹೇಳಿದ್ದು ಅದೊಂದೇ ಸಲ.

ಸಿಸ್ಟರ್ ಕೋಲು ಬದಿಗಿಟ್ಟು, ಕಷ್ಟಪಟ್ಟು ತಂಗಿಯ ಪಕ್ಕದಲ್ಲಿ ನೆಲಕ್ಕೆ ಕುಳಿತರು. ತಮ್ಮ ಊರಿನ ಐರಿಷ್ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ನಾನು ಹಪ್ಪಳದ ಪೊಟ್ಟಣ ಬಿಚ್ಚುತ್ತ ನಿಂತೆ. ಮೊದಲು ಕ್ಯಾಥ್ಲೀನ್ ಅತ್ತರು. ಆಮೇಲೆ ಎದ್ದು, ಅಕ್ಕನಿಗೆ ಏನೋ ಚೆನ್ನಾಗಿ ಬೈದರು. ಬೈಗುಳ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ. ಸಿಸ್ಟರ್ ತಲೆ ತಗ್ಗಿಸಿ ಕೇಳಿಸಿಕೊಂಡರು. ಅದು ಮುಗಿದ ಮೇಲೆ ಮೂವರೂ ಕೆಂಡದ ಮೇಲೆ ಹಲಸಿನ ಹಪ್ಪಳ ಸುಟ್ಟು ತಿಂದೆವು. ಮಣ್ಣಿನ ಕೆಂಡದಲ್ಲಿ ಸುಟ್ಟ ಹಪ್ಪಳಕ್ಕೆ ಬೇರೆಯೇ ರುಚಿ. ಹಪ್ಪಳ ಸುರುಟಿ ಕೆಂಪಾಗುವುದನ್ನು ಕ್ಯಾಥ್ಲೀನ್ ಮಗುವಿನ ಹಾಗೆ ನೋಡಿದರು.

ಮತ್ತೆ ಗಾಲ್ವೇ

ನಾಲ್ಕನೆಯ ದಿನ ನಾನು ಹೊರಡುವಾಗ ಬಸ್ಸಿಗೆ ಇಬ್ಬರು ಹತ್ತಿದೆವು. ಕ್ಯಾಥ್ಲೀನರ ಕೈಯಲ್ಲಿ ಅವರ ತಾಯಿಯ ಕಾಲದ ಚರ್ಮದ ಪೆಟ್ಟಿಗೆ. ಬೆಂಕಿ ನೋಡಿಕೊಳ್ಳಲು ಬ್ರಿಡಿ ಬಂದಿದ್ದರು, ಮರಳಿ ಸಿಕ್ಕ ತಮ್ಮ ಇಕ್ಕಳ ಹಿಡಿದುಕೊಂಡೇ. "ಆರಿದರೆ ನಮ್ಮನೆಯಿಂದ ತಂದರಾಯಿತು, ಹೋಗು ಮಾರಾಯ್ತಿ," ಎಂಬ ಅರ್ಥದ್ದೇನನ್ನೋ ಬಾಗಿಲಿನಿಂದ ಕೂಗಿದರು. ಚಾಲಕ ಕ್ಯಾಥ್ಲೀನರನ್ನು ಕಂಡು, "ಇವತ್ತು ಸಂಜೆಯ ಬಸ್ಸಿಗೆ ಜಾಗ ಹಿಡಿದಿಡಲೇ?" ಎಂದ. ಬೇಡ ಎಂದರು. ಅವನು ತಿರುಗಿ ನೋಡಿದ. ಬಸ್ಸಿನವರೆಲ್ಲ ತಿರುಗಿ ನೋಡಿದರು.

ನಮ್ಮವರಿಗೆ ಫೋನಿನಲ್ಲಿ ನಡೆದುದನ್ನೆಲ್ಲ ಹೇಳಿದೆ. "ನೀ ಅಲ್ ಹೋಯೂ ಬೂದಿ ಬಳಿದ್ಯಾ!" ಎಂದು ನಕ್ಕವರು ನಗು ನಿಲ್ಲಿಸಿ, "ಆ ಹೆಂಗ್ಸಿಗೆ ನೀರ್ ದೋಸಿ ಮಾಡಿ ಕೊಡ್" ಎಂದರು.

ಮಾಡಿಕೊಟ್ಟೆ. ಸುಮನಾ ತನ್ನ ಹಾಸಿಗೆ ಬಿಟ್ಟುಕೊಟ್ಟಳು.

ಮಾರನೆಯ ದಿನ ಐದಕ್ಕೆ ಎದ್ದು ಹೊರಗೆ ಬಂದೆ. ಕ್ಯಾಥ್ಲೀನ್ ನನಗಿಂತ ಮೊದಲೇ ಎದ್ದು ಸೋಫಾದ ತುದಿಯಲ್ಲಿ ಕೈ ಮಡಿಲಲ್ಲಿಟ್ಟು ಕುಳಿತಿದ್ದರು, ಮೈಮೇಲೆ ಕೋಟು, ಕಾಲಲ್ಲಿ ಬೂಟು. ಎಲ್ಲಿಗೋ ಹೊರಡಲು ಸಿದ್ಧರಾದವರ ಹಾಗೆ.

"ಮಾಡಲು ಏನೂ ಇಲ್ಲವಲ್ಲ," ಎಂದರು.

"ಏನೂ ಇಲ್ಲ," ಎಂದೆ ನಾನೂ. ಮಗಳ ಮನೆಯಲ್ಲಿ ಬಳಿಯಲು ಬೂದಿಯೇ ಇಲ್ಲ. ಲೈಟರಿನಿಂದ ಗ್ಯಾಸ್ ಹಚ್ಚಿ ಚಹಾ ಇಟ್ಟೆ. ಇಬ್ಬರೂ ಕಪ್ಪು ಹಿಡಿದು ಕಿಟಕಿಯ ಬಳಿ ಕುಳಿತೆವು. ಬಂದರಿನಲ್ಲಿ ದೋಣಿಯೊಂದು ಇಂಜಿನ್ ಹಚ್ಚಲು ಒದ್ದಾಡುತ್ತಿತ್ತು. ಮೂರನೆಯ ಸಲಕ್ಕೆ ಹಿಡಿಯಿತು. ಅದು ಕೊಲ್ಲಿ ದಾಟಿ ಮರೆಯಾಗುವವರೆಗೂ ಅವರು ನೋಡಿದರು. ಚಹಾ ಮುಗಿಸಿ ಕಪ್ಪು ಕೆಳಗಿಟ್ಟರು. ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು.

"ಇನ್ನೊಂದು ರಾತ್ರಿ ಇರಬಹುದೇ?" ಎಂದು ಕೇಳಿದರು.